ಅಜ್ಜಿಯ ಕದಿರು, ಅಶೋಕನ ಗಾಲಿ

ನಮ್ಮಜ್ಜಿಯ ರಾಟೆಯಲ್ಲಿ ಈಗ ಉಳಿದಿರುವುದು ಕದಿರು ಒಂದೇ. ಗೇಣುದ್ದದ ಕಬ್ಬಿಣದ ಕಡ್ಡಿ, ಒಂದು ತುದಿ ಸೂಜಿಯಂತೆ ಚೂಪು, ನಡುವೆ ಉಣ್ಣೆಯ ಜಿಡ್ಡು ಕುಡಿದು ಕಪ್ಪಾದ ಮರದ ಬಿಲ್ಲೆ. ಗಾಲಿಗೆ ಗೆದ್ದಲು ಹಿಡಿಯಿತು, ಹಲಗೆ ಒಲೆಗೆ ಹೋಯಿತು. ಕದಿರನ್ನು ಮಾತ್ರ ಅಪ್ಪ ಕುದಾಪುರದ ಮನೆಯ ಗೂಡಿನಲ್ಲಿ, ಕುರಿಯ ಕತ್ತರಿಯ ಪಕ್ಕ ಇಟ್ಟಿದ್ದ. ಸಮಾಜ ವಿಜ್ಞಾನದ ಮೇಷ್ಟ್ರಾಗಿ ಮೂವತ್ತೊಂದು ವರ್ಷ ಕೆಲಸ ಮಾಡಿದ ನಾನು ರಾಷ್ಟ್ರಧ್ವಜದ ಪಾಠ ಬಂದಾಗಲೆಲ್ಲ ಅದನ್ನು ಜೇಬಿನಲ್ಲಿಟ್ಟುಕೊಂಡು ತರಗತಿಗೆ ಹೋಗುತ್ತಿದ್ದೆ.

ಪ್ರತಿ ವರ್ಷವೂ ಒಬ್ಬ ಹುಡುಗನಾದರೂ ಕೇಳುತ್ತಿದ್ದ: "ಸಾ, ಬಾವುಟದ ಮಧ್ಯ ಮೊದ್ಲು ರಾಟೆ ಇತ್ತಂತಲ್ಲ, ಯಾಕೆ ತೆಗದ್ರು?"

ನಾನು ಕದಿರನ್ನು ಮೇಜಿನ ಮೇಲಿಟ್ಟು, "ರಾಟೆ ಪೂರ್ತಿ ತೆಗೀಲಿಲ್ಲ ಕಣೋ, ತೆಗೆದಿದ್ದು ಇದನ್ನ" ಎನ್ನುತ್ತಿದ್ದೆ.

ಅದು ನಿಜವೂ ಹೌದು. 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ಬಾವುಟದ ನಿರ್ಣಯ ಮಂಡಿಸಿದ ನೆಹರೂ, ರಾಟೆ ಯಾಕೆ ಚಕ್ರವಾಯಿತು ಎಂಬುದಕ್ಕೆ ಕೊಟ್ಟ ಕಾರಣ ಬಹಳ ಸರಳವಾದದ್ದು. ಬಾವುಟದ ಒಂದು ಮಗ್ಗುಲಲ್ಲಿ ಕಂಡ ಚಿತ್ರ ಇನ್ನೊಂದು ಮಗ್ಗುಲಲ್ಲೂ ಹಾಗೇ ಕಾಣಬೇಕು. ರಾಟೆಯ ಒಂದು ಕಡೆ ಗಾಲಿ, ಇನ್ನೊಂದು ಕಡೆ ಕದಿರು. ತಿರುಗಿಸಿ ನೋಡಿದರೆ ಅದಲುಬದಲು. ಆದ್ದರಿಂದ ಕದಿರು ಮತ್ತು ಅದಕ್ಕೆ ಸುತ್ತಿದ ದಾರ ಹೋಗಲಿ, ಗಾಲಿ ಇರಲಿ, ಆ ಗಾಲಿ ಸಾರನಾಥದ ಅಶೋಕಸ್ತಂಭದ ಚಕ್ರವಾಗಲಿ ಎಂದಾಯಿತು. ಅಂದು ನೆಹರೂ ಸಭೆಗೆ ಎರಡು ಬಾವುಟಗಳನ್ನು ತೋರಿಸಿದರು, ಒಂದು ರೇಷ್ಮೆ ಖಾದಿಯದು, ಇನ್ನೊಂದು ಹತ್ತಿ ಖಾದಿಯದು.

ನಮ್ಮಜ್ಜಿ ಬದುಕಿಡೀ ಕುರಿ ಉಣ್ಣೆ ನೂತವಳು. ಬಾವುಟ ಬದಲಾದ ಸುದ್ದಿಯನ್ನು ಶಾಲೆಗೆ ಹೋಗುತ್ತಿದ್ದ ಅಪ್ಪ ಮನೆಗೆ ಬಂದು ಹೇಳಿದಾಗ ಅವಳು ಕೈ ನಿಲ್ಲಿಸದೆ ಕೇಳಿದಳಂತೆ: "ಕದಿರಿಲ್ದ ಗಾಲಿ ಏನು ನೂಲ್ತೈತಪ್ಪ?" ದೇಶದ ಬಾವುಟ ಬದಲಿಸಬೇಕೇ, ಕನ್ನಡದ ಬಾವುಟ ಬದಲಿಸಬೇಕೇ ಎಂಬ ಚರ್ಚೆ ಎಲ್ಲಿ ಎದ್ದರೂ ನನಗೆ ಮೊದಲು ನೆನಪಾಗುವುದು ಆ ಮಾತು.

ನಮ್ಮ ಕಡೆಯ ಕಂಬಳಿ ಹೇಗಾಗುತ್ತದೆ ಎಂಬುದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದಿನ ಕತೆ ಬಟ್ಟೆಯದೇ. ವರ್ಷಕ್ಕೆ ಎರಡು ಸಲ ಕುರಿಯ ಉಣ್ಣೆ ಕತ್ತರಿಸುತ್ತಾರೆ. ಬಿಡಿಸಿ, ಹಿಂಜಿ, ಹಂಜಿ ಮಾಡಿ ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಆ ನೂಲಿಗೆ ಹುಣಸೆ ಬೀಜದ ಗಂಜಿ ಕುಡಿಸಿ, ಬೀದಿಯಲ್ಲಿ ಉದ್ದಕ್ಕೆ ಹಾಸಿ ಒಣಗಿಸುತ್ತಾರೆ. ಆಮೇಲೆ ಗುಣಿಮಗ್ಗ. ಗುಣಿಯಲ್ಲಿ ಕಾಲಿಳಿಬಿಟ್ಟು ಕೂತ ಗಂಡಸಿಗೆ ನೂಲು ಕೊಡಲು ಹಿಂದೆ ನಾಲ್ಕಾರು ಹೆಂಗಸರ ಕೈ ಬೇಕು. ಚಳ್ಳಕೆರೆಯ ಕಂಬಳಿ ಅಂತ ದೂರದೂರದ ಸಂತೆಗಳಲ್ಲಿ ಹೆಸರು ಹೇಳಿ ಮಾರುತ್ತಿದ್ದ ಕಾಲದಲ್ಲಿ ರಾಟೆ ಎನ್ನುವುದು ನಮಗೆ ಯಾವುದೋ ಚಳವಳಿ ತಂದುಕೊಟ್ಟ ಗುರುತಾಗಿರಲಿಲ್ಲ. ಅದು ಅಡುಗೆಮನೆಯ ಒರಳಿನ ಹಾಗೆ. ಗಾಂಧೀಜಿ ಅದನ್ನು ಬಾವುಟದ ಮೇಲೆ ಇಟ್ಟಾಗ ನಮ್ಮ ಮನೆಯ ಸಾಮಾನೊಂದು ಮೇಲೇರಿ ಹಾರಿದಂತಾಯಿತು.

ಬಾವುಟ ಮೊದಲಿನಿಂದಲೂ ಒಂದೇ ಇತ್ತು ಎಂದು ನಂಬಿದವರು ಬಹಳ. 1906ರಲ್ಲಿ ಕಲ್ಕತ್ತದಲ್ಲಿ ಹಾರಿದ್ದು ಬೇರೆ, ಮರುವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಭಿಕಾಜಿ ಕಾಮಾ ಬಿಡಿಸಿ ಹಿಡಿದದ್ದು ಬೇರೆ, 1921ರಲ್ಲಿ ಪಿಂಗಳಿ ವೆಂಕಯ್ಯನವರು ಬೆಜವಾಡದಲ್ಲಿ ಗಾಂಧೀಜಿಗೆ ಕೊಟ್ಟ ನಮೂನೆಯಿಂದ ಬೆಳೆದು ಬಂದ ರಾಟೆಯ ಬಾವುಟ ಬೇರೆ. ಆ ರಾಟೆಯ ಬಾವುಟದಲ್ಲಿ ಬಿಳಿ ಮೇಲೆ, ಹಸಿರು ನಡುವೆ, ಕೆಂಪು ಕೆಳಗೆ ಇತ್ತು. ಯಾವ ಬಣ್ಣ ಯಾವ ಧರ್ಮದ್ದು, ನಮ್ಮ ಬಣ್ಣ ಎಲ್ಲಿ ಎಂಬ ತಕರಾರು ಹತ್ತು ವರ್ಷ ನಡೆಯಿತು. ಕೊನೆಗೆ 1931ರ ಏಪ್ರಿಲ್‌ನಲ್ಲಿ ಕರಾಚಿಯಲ್ಲಿ ಏಳು ಜನರ ಸಮಿತಿಯಾಯಿತು. ಪಟೇಲ್, ನೆಹರೂ, ಆಜಾದ್, ಮಾಸ್ಟರ್ ತಾರಾ ಸಿಂಗ್, ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ ಇವರ ಜೊತೆ ಏಳನೆಯವರು ನಮ್ಮ ಕನ್ನಡನಾಡಿನ ಡಾ. ನಾ.ಸು. ಹರ್ಡೀಕರ್. ಹಿಂದೂಸ್ತಾನಿ ಸೇವಾದಳ ಕಟ್ಟಿದವರು, 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು ಕಂಡವರು. ಬಾವುಟದ ಬಗ್ಗೆ ಅಭಿಪ್ರಾಯ ಹೇಳುವ ಹಕ್ಕನ್ನು ಅವರು ಬಾವುಟ ಹೊತ್ತು ಪಡೆದಿದ್ದರು ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಆ ಸಮಿತಿ ಪೂರ್ತಿ ಒಂದೇ ಬಣ್ಣದ, ಕೇಸರಿಯ ಬಾವುಟ ಇರಲಿ, ಮೂಲೆಯಲ್ಲಿ ರಾಟೆ ಇರಲಿ ಎಂದು ಶಿಫಾರಸು ಮಾಡಿತು. ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಅದನ್ನು ಒಪ್ಪಲಿಲ್ಲ. ಕೇಸರಿ, ಬಿಳಿ, ಹಸಿರು, ನಡುವಿನ ಬಿಳಿಯಲ್ಲಿ ನೀಲಿ ರಾಟೆ ಎಂದು ತೀರ್ಮಾನಿಸಿತು. ಬಣ್ಣಗಳಿಗೆ ಯಾವ ಧರ್ಮದ ಅರ್ಥವೂ ಇಲ್ಲ ಎಂದೂ ಹೇಳಿತು. ಅಷ್ಟು ದೊಡ್ಡವರು ಕೂತು ಆರಿಸಿದ್ದನ್ನು ತಿದ್ದಬಹುದು ಎಂದು ಆ ಸಭೆಗೆ ಅನ್ನಿಸಿತಲ್ಲ, ಅದು ನನಗೆ ಬಹಳ ಹಿಡಿಸಿದ ವಿಷಯ.

ಈಗ ನಮ್ಮ ಸೀಮೆಗೆ ಬರುತ್ತೇನೆ.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಮೈಸೂರು ಸಂಸ್ಥಾನದ ಬಡಗಣ ಅಂಚು. ಪೂರ್ವಕ್ಕೆ ನಡೆದರೆ ರಾಯದುರ್ಗ, ಉತ್ತರಕ್ಕೆ ಬಳ್ಳಾರಿ. ಎರಡೂ ಆಗ ಮದರಾಸು ಪ್ರಾಂತ್ಯ, ಬ್ರಿಟಿಷರ ನೆಲ. ಇಲ್ಲಿನ ಕಚೇರಿಯ ಮೇಲೆ ಗಂಡಭೇರುಂಡ, ಅಲ್ಲಿನ ಕಚೇರಿಯ ಮೇಲೆ ಯೂನಿಯನ್ ಜಾಕ್. ಆದರೆ 1937ರ ಜುಲೈನಲ್ಲಿ ಮದರಾಸಿನಲ್ಲಿ ರಾಜಾಜಿಯವರ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಒಂದು ವಿಚಿತ್ರ ನಡೆಯಿತು. ಬ್ರಿಟಿಷರ ನೆಲದಲ್ಲಿ ರಾಟೆಯ ಬಾವುಟ ಹಿಡಿದು ತಿರುಗಬಹುದಾಗಿತ್ತು, ನಮ್ಮದೇ ಮಹಾರಾಜರ ನೆಲದಲ್ಲಿ ಅದನ್ನು ಏರಿಸಿದರೆ ಪೊಲೀಸರು ಬರುತ್ತಿದ್ದರು.

ನಮ್ಮ ತಾತ ಕಂಬಳಿ ಮಾರಲು ರಾಯದುರ್ಗದ ಸಂತೆಗೆ ಹೋಗುತ್ತಿದ್ದ. 1938ರ ಬೇಸಿಗೆಯಲ್ಲಿ ಅಲ್ಲಿಂದ ಒಂದು ಬಾವುಟ ಕೊಂಡು, ಮಾರಾಟವಾಗದೆ ಉಳಿದ ಕಂಬಳಿಯ ಮಡಿಕೆಯೊಳಗಿಟ್ಟು ಗಡಿ ದಾಟಿಸಿದ್ದ ಎಂದು ಅಪ್ಪ ಹೇಳುತ್ತಿದ್ದ. ಏರಿಸಲು ಧೈರ್ಯ ಬರಲಿಲ್ಲ. ಅದು ಹಗೇವಿನ ಬಾಯಿಯ ಚಪ್ಪಡಿಯ ಕೆಳಗೆ ಇತ್ತಂತೆ. ಅಜ್ಜಿ ಅದನ್ನು ಒಮ್ಮೆ ತೆಗೆದು ನೋಡಿ, ರಾಟೆಯ ಚಿತ್ರದಲ್ಲಿ ದಾರ ಸುತ್ತಿದ ರೀತಿ ಸರಿಯಿಲ್ಲ ಎಂದಿದ್ದಳಂತೆ.

ತಾತ ಹೆದರಿದ್ದಕ್ಕೆ ಕಾರಣವಿತ್ತು. ಅದೇ ವರ್ಷದ ಏಪ್ರಿಲ್ 11ರಂದು ಮದ್ದೂರಿನ ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ. ರಾಟೆಯ ಬಾವುಟ ಏರಿಸಕೂಡದೆಂದು ಸರ್ಕಾರದ ಆಜ್ಞೆ. ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರನ್ನು ಬಂಧಿಸಿದರು. ಆದರೂ ಬಾವುಟ ಏರಿತು. ಎರಡು ವಾರ ಕಳೆದು, ಏಪ್ರಿಲ್ 25ರಂದು, ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಜಾತ್ರೆಗೆ ಸೇರಿದ್ದ ಜನ ಬಾವುಟಕ್ಕೆಂದು ನೆರೆದಾಗ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿ ಎಂದು ಸರ್ಕಾರ ಹೇಳಿತು. ಜನರ ಲೆಕ್ಕ 30 ದಾಟುತ್ತದೆ. ಸತ್ತವರಲ್ಲಿ ಹೆಚ್ಚಿನವರು ಬೇಸಾಯದವರು, ಜಾತ್ರೆಗೆಂದು ಬಂದವರು.

ಮೇ ತಿಂಗಳಲ್ಲಿ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಜೊತೆ ಕೂತರು. ಮಿರ್ಜಾ–ಪಟೇಲ್ ಒಪ್ಪಂದ ಎಂದು ಹೆಸರಾದದ್ದು ಇದೇ. ಸಾರ್ವಜನಿಕ ಸಮಾರಂಭಗಳಲ್ಲಿ ರಾಟೆಯ ಬಾವುಟವೂ ಮೈಸೂರಿನ ಬಾವುಟವೂ ಜೊತೆಯಲ್ಲಿ ಹಾರಬೇಕು. ಪಕ್ಷದ ಸ್ವಂತ ಸಭೆಗಳಲ್ಲಿ ರಾಟೆಯ ಬಾವುಟ ಒಂದೇ ಸಾಕು. ಇಷ್ಟು ಬರೆಯಲು ಅಷ್ಟು ಹೆಣ ಬೀಳಬೇಕಾಯಿತು. ಮರುವರ್ಷ ಚಿತ್ರದುರ್ಗದ ಕಡೆಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರು ಈಚಲು ಮರ ಕಡಿಯುವ ಸತ್ಯಾಗ್ರಹದಲ್ಲಿ ಜೈಲಿಗೆ ಹೋದಾಗ ನಮ್ಮ ಊರುಗಳಲ್ಲೂ ಆ ಬಾವುಟ ಹಗೇವಿನಿಂದ ಮೇಲೆ ಬಂತು.

ಹೀಗೆ ಜನ ಪ್ರಾಣ ಕೊಟ್ಟದ್ದು ರಾಟೆಯ ಬಾವುಟಕ್ಕೆ. ಒಂಬತ್ತು ವರ್ಷದ ಮೇಲೆ ರಾಟೆ ಹೋಗಿ ಚಕ್ರ ಬಂತು. ರಾಟೆಯ ಗುರುತಿಲ್ಲದ ಬಾವುಟಕ್ಕೆ ತಾನು ವಂದಿಸುವುದಿಲ್ಲ ಎಂದು ಗಾಂಧೀಜಿ ಆ ದಿನಗಳಲ್ಲಿ ಬರೆದದ್ದನ್ನು ಓದಿದಾಗ ಅಜ್ಜಿಯ ಮಾತಿಗೂ ಅವರ ಮಾತಿಗೂ ಎಷ್ಟು ಹತ್ತಿರ ಎನ್ನಿಸಿ ನನಗೆ ಕಣ್ಣು ತುಂಬಿದೆ.

ಆದರೂ ಚಕ್ರ ತಪ್ಪು ಎಂದು ನಾನು ಹೇಳಲಾರೆ. ಅದಕ್ಕೆ ಕಾರಣ ನಮ್ಮ ಪಕ್ಕದ ಬಂಡೆಗಳು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವುಗಳನ್ನು ಪತ್ತೆ ಮಾಡುವವರೆಗೆ ಕುರಿ ಕಾಯುವವರು ಆ ಬಂಡೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲದ ಮಹಾಮಾತ್ರರಿಗೆ ಕಳಿಸಿದ ಮಾತು ಅದು: ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಕೊನೆಯಲ್ಲಿ ಬರೆದವನ ಹೆಸರು ಚಪಡ. ಬ್ರಾಹ್ಮಿಯಲ್ಲಿ ಎಲ್ಲ ಬರೆದು, ಲಿಪಿಕಾರ ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅಷ್ಟು ದೂರದ ಲಿಪಿ ಕಲಿತ ಒಬ್ಬ ಕೆಲಸಗಾರ ನಮ್ಮ ಬಿಸಿಲಿನಲ್ಲಿ ಕೂತು ಉಳಿ ಹಿಡಿದಿದ್ದ. ಇನ್ನೊಂದು ಸಂಗತಿ: ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ್ದು 1947ರಲ್ಲೇ. ದೆಹಲಿಯಲ್ಲಿ ಅಶೋಕನ ಚಕ್ರ ಬಾವುಟಕ್ಕೆ ಏರಿದ ವರ್ಷ ನಮ್ಮ ಕೂಲಿಯವರು ಅಶೋಕನ ಬಂಡೆಯ ಬುಡದ ಮಣ್ಣು ತೆಗೆಯುತ್ತಿದ್ದರು.

ಮಕ್ಕಳನ್ನು ಅಶೋಕ ಸಿದ್ದಾಪುರಕ್ಕೆ ಕರೆದುಕೊಂಡು ಹೋದಾಗಲೆಲ್ಲ ನಾನು ಚಕ್ರವನ್ನು ಒಪ್ಪಿಕೊಂಡಿದ್ದೇನೆ. ಮತ್ತೆ, 1947ರಲ್ಲಿ ರಾಟೆ ನಿಜವಾಗಿ ಹೋಗಿರಲಿಲ್ಲ. ಚಿತ್ರದಿಂದ ಇಳಿದು ಬಟ್ಟೆಯೊಳಗೆ ಸೇರಿತ್ತು. ರಾಷ್ಟ್ರಧ್ವಜ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಖಾದಿಯದೇ ಆಗಿರಬೇಕು ಎಂಬುದು 2021ರವರೆಗೆ ನಿಯಮವಾಗಿತ್ತು. 2002ರ ಧ್ವಜ ಸಂಹಿತೆಯಲ್ಲಿ ಉಣ್ಣೆ, ಹತ್ತಿ, ರೇಷ್ಮೆ ಎಂದು ಬರೆದಿದ್ದರು, ಅದರಲ್ಲಿ ಉಣ್ಣೆಯೇ ಮೊದಲು. ಕಂಬಳಿ ನೇಯ್ದವರ ಮನೆಯವನಾಗಿ ಆ ಸಾಲನ್ನು ಓದಿ ನಾನು ಹೆಮ್ಮೆಪಟ್ಟಿದ್ದೇನೆ. ಭಾರತದ ಮಾನಕ ಸಂಸ್ಥೆ ಹೊರಡಿಸಿದ ಮೊಟ್ಟಮೊದಲ ಮಾನಕ, ಒಂದನೇ ನಂಬರಿನದು, ಬಾವುಟದ್ದೇ. ಆ ಮಾನಕಕ್ಕೆ ಸರಿಯಾಗಿ ಬಾವುಟ ಮಾಡುವವರು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಹೆಣ್ಣುಮಕ್ಕಳು. ಅದಕ್ಕೆ ಬಟ್ಟೆ ಬರುವುದು ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ. ನಾನು ಒಮ್ಮೆ ಬೆಂಗೇರಿಗೆ ಹೋಗಿ ನೋಡಿದೆ. ಚಕ್ರವನ್ನು ಎರಡೂ ಮಗ್ಗುಲಿಗೆ ಅಚ್ಚು ಹಾಕುವಾಗ ಈ ಕಡೆಯ ಇಪ್ಪತ್ತನಾಲ್ಕು ಕಡ್ಡಿ ಆ ಕಡೆಯ ಇಪ್ಪತ್ತನಾಲ್ಕರ ಮೇಲೇ ಕೂರಬೇಕು. ಕೂದಲಷ್ಟು ತಪ್ಪಿದರೂ ಪಕ್ಕಕ್ಕೆ ಇಡುತ್ತಾರೆ. ನೆಹರೂ ಹೇಳಿದ ಎರಡು ಮಗ್ಗುಲಿನ ಮಾತು ಅಲ್ಲಿ ಒಬ್ಬಳ ಕಣ್ಣಿನ ನೋವಾಗಿ ನಿಂತಿತ್ತು.

2021ರ ಡಿಸೆಂಬರ್ 30ರಂದು ಆ ನಿಯಮ ಬದಲಾಯಿತು. ಯಂತ್ರದಲ್ಲಿ ಮಾಡಿದ್ದೂ ಆಗುತ್ತದೆ, ಪಾಲಿಯೆಸ್ಟರ್ ಆದರೂ ಆಗುತ್ತದೆ ಎಂದಾಯಿತು. ಮುಂದಿನ ಆಗಸ್ಟ್‌ನಲ್ಲಿ ಮನೆಮನೆಯಲ್ಲೂ ತಿರಂಗಾ ಹಾರಿತು. ಕುದಾಪುರದ ಗುಡಿಸಲಿನ ಮೇಲೂ ಹಾರಿತು, ಅದನ್ನು ಕಂಡು ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಅಗ್ಗದ ಬಟ್ಟೆಯಿಲ್ಲದೆ ಅಷ್ಟು ಮನೆಗೆ ಬಾವುಟ ಮುಟ್ಟುತ್ತಿರಲಿಲ್ಲ ಎನ್ನುವವರ ವಾದವನ್ನೂ ತಳ್ಳಿಹಾಕುವುದಿಲ್ಲ. ಆದರೆ ಬಾವುಟದ ಬಣ್ಣ ಒಂದೆಳೆ ಆಚೀಚೆಯಾದರೆ ದೇಶವೇ ಮಾತಾಡುತ್ತಿತ್ತು. ಬಟ್ಟೆ ಬದಲಾದಾಗ ಪ್ರತಿಭಟನೆಗೆ ಇಳಿದವರು ಹೆಚ್ಚಾಗಿ ಬೆಂಗೇರಿಯವರು ಮತ್ತು ಕೆಲವು ಖಾದಿಯವರು. 1947ರ ನಂತರ ನಮ್ಮ ಬಾವುಟಕ್ಕೆ ಆದ ಅತಿ ದೊಡ್ಡ ಬದಲಾವಣೆ ಅದೇ ಎಂದು ನಾನು ತಿಳಿದಿದ್ದೇನೆ. ಅಜ್ಜಿಯ ಕದಿರು ಬಾವುಟದಿಂದ ನಿಜಕ್ಕೂ ಹೊರಗೆ ಬಿದ್ದದ್ದು ಆ ದಿನ.

ಕನ್ನಡದ ಬಾವುಟದ ಚರ್ಚೆ ನಮ್ಮೂರಿಗೆ ಬಂದದ್ದು 2018ರ ಮಾರ್ಚ್‌ನಲ್ಲಿ. ಹಳದಿ ಕೆಂಪಿನ ಬಾವುಟವನ್ನು ಮ. ರಾಮಮೂರ್ತಿಯವರು 1960ರ ದಶಕದ ಕನ್ನಡ ಚಳವಳಿಗೆಂದು ರೂಪಿಸಿದರು. ಅವರು ವೀರಕೇಸರಿ ಸೀತಾರಾಮ ಶಾಸ್ತ್ರಿಗಳ ಮಗ, ಸ್ವತಃ ಕಾದಂಬರಿಕಾರರು, ಕನ್ನಡ ಪಕ್ಷ ಕಟ್ಟಿದವರು. 1967ರ ಡಿಸೆಂಬರ್‌ನಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು ಇಬ್ಬರು ಮಕ್ಕಳೊಡನೆ ತೀರಿಕೊಂಡರು. ಅವರ ಬಾವುಟಕ್ಕೆ ಸರ್ಕಾರದ ಮೊಹರು ಇರಲಿಲ್ಲ, ಆದರೂ ನವೆಂಬರ್ ಒಂದಕ್ಕೆ ಆಟೋ ನಿಲ್ದಾಣದಿಂದ ಪಂಚಾಯಿತಿವರೆಗೆ ಅದೇ ಹಾರುತ್ತಿತ್ತು. 2012ರಲ್ಲಿ ಸರ್ಕಾರಿ ಕಚೇರಿಗಳ ಮೇಲೆ ಅದನ್ನು ಕಡ್ಡಾಯ ಮಾಡಹೊರಟು ಕೋರ್ಟಿನ ಮುಂದೆ ಹಿಂದೆ ಸರಿದರು. 2017ರ ಜೂನ್‌ನಲ್ಲಿ ಒಂಬತ್ತು ಜನರ ಸಮಿತಿಯಾಯಿತು. 2018ರ ಮಾರ್ಚ್ 8ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೊಸ ನಾಡಧ್ವಜ ತೋರಿಸಿದರು: ಹಳದಿ, ಬಿಳಿ, ಕೆಂಪು, ನಡುವಿನ ಬಿಳಿಯಲ್ಲಿ ಗಂಡಭೇರುಂಡದ ರಾಜ್ಯ ಲಾಂಛನ. ರಾಜ್ಯಕ್ಕೊಂದು ಬಾವುಟ ಇರಬಾರದೆಂದು ಸಂವಿಧಾನ ಹೇಳುವುದಿಲ್ಲ ಎಂಬುದಕ್ಕೆ 1994ರ ಎಸ್.ಆರ್. ಬೊಮ್ಮಾಯಿ ಪ್ರಕರಣದ ತೀರ್ಪನ್ನು ಆಧಾರವಾಗಿ ಹೇಳಿದರು. ಕೇಂದ್ರದ ಒಪ್ಪಿಗೆಗೆ ಕಳಿಸಿದರು.

ಆ ವಾರ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ಜಾತ್ರೆಯ ಸುಗ್ಗಿ. ಕೊಬ್ಬರಿ ಸುಡುವ ಹೊಗೆ ಬೀದಿಗೆಲ್ಲ ಕವಿಯುವ ಜಾತ್ರೆ ಅದು. ತೇರು ಎಳೆಯುವ ಮೊದಲು ಮುಕ್ತಿಬಾವುಟದ ಹರಾಜು ನಡೆಯುತ್ತದೆ, ಲಕ್ಷಗಟ್ಟಲೆ ಕೂಗುತ್ತಾರೆ. ಯಾರೇ ಗೆದ್ದರೂ ಬಾವುಟದ ರೂಪ ಬದಲಿಸುವ ಮಾತಿಲ್ಲ, ಹಣ ಸ್ವಾಮಿಗೆ. ಜಾತ್ರೆಯ ಬಟ್ಟೆ ಹೊಲಿಯುತ್ತಿದ್ದ ದರ್ಜಿಯೊಬ್ಬ ನನ್ನನ್ನು ಕರೆದು ಕೇಳಿದ: "ಮೇಷ್ಟ್ರೇ, ನವೆಂಬರ್‌ಗೆ ಬಿಳಿ ಬಟ್ಟೆನೂ ತರ್ಬೇಕಾ? ಆ ಹಕ್ಕಿನ ನಾನು ಎಲ್ಲಿಂದ ತರ್ಲಿ?"

ಅವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೊದಲು ನಾನೂ ಹೊಸ ಬಾವುಟದ ಪರವಾಗಿದ್ದೆ. ಗಂಡಭೇರುಂಡಕ್ಕೆ ಹಳೆಯ ಗೌರವವಿದೆ, ರಾಜ್ಯಕ್ಕೊಂದು ಅಧಿಕೃತ ಗುರುತು ಸಿಕ್ಕರೆ ಒಳ್ಳೆಯದೇ ಎಂದುಕೊಂಡಿದ್ದೆ. ಆದರೆ ಹಳದಿ ಕೆಂಪು ಎರಡು ತುಂಡು ಬಟ್ಟೆ, ಒಂದು ಹೊಲಿಗೆ. ಯಾವ ಮನೆಯಲ್ಲಾದರೂ ಆಗುತ್ತದೆ. ಲಾಂಛನ ಬಂದರೆ ಅದು ಅಚ್ಚಿನ ಮನೆಗೆ ಹೋಗುತ್ತದೆ. ಕೈಯಲ್ಲಿ ಆಗುವುದೇ ಇಲ್ಲ ಎನ್ನಲಾರೆ, ಮೊಳಕಾಲ್ಮೂರಿನ ರೇಷ್ಮೆ ನೇಕಾರರು ಸೆರಗಿನಲ್ಲಿ ಇದಕ್ಕಿಂತ ಕಷ್ಟದ ಚಿತ್ರ ನೇಯುತ್ತಾರೆ. ಆದರೆ ಆ ಬಾವುಟಕ್ಕೆ ಸೀರೆಯ ಬೆಲೆ ಆದೀತು. ಇನ್ನೊಂದು, 1938ರಲ್ಲಿ ಗಂಡಭೇರುಂಡ ಸರ್ಕಾರದ ಕಡೆ ಇತ್ತು, ಹೊಲಿದುಕೊಂಡ ಬಾವುಟ ಜನರ ಕಡೆ ಇತ್ತು. ಚಳವಳಿಯ ಜನ ಹೊಲಿದುಕೊಂಡ ಬಾವುಟದ ನಡುವೆ ಸರ್ಕಾರದ ಲಾಂಛನ ಬಂದು ಕೂತರೆ ಅದು ಕಚೇರಿಯ ಬಾವುಟವಾಗುತ್ತದೆ. ಕಚೇರಿಗೆ ಬೇಕಾದರೆ ಬೇರೆ ಮಾಡಿಕೊಳ್ಳಲಿ, ಮಿರ್ಜಾ–ಪಟೇಲರ ಹಾಗೆ ಎರಡನ್ನೂ ಜೊತೆಗೆ ಹಾರಿಸಲಿ. ಜನರದ್ದನ್ನು ತಿದ್ದುವುದು ಬೇಡ. ಇದು ನನ್ನ ಅಭಿಪ್ರಾಯ.

ಬಾವುಟ ಬದಲಿಸುವ ಪ್ರಶ್ನೆ ಬೇರೆ ದೇಶಗಳಲ್ಲೂ ಎದ್ದಿದೆ. ನ್ಯೂಜಿಲೆಂಡಿನವರು 2016ರ ಮಾರ್ಚ್‌ನಲ್ಲಿ ಜನಮತ ಹಾಕಿಸಿ, ಜರೀಗಿಡದ ಎಲೆಯ ಹೊಸ ಬಾವುಟ ಬೇಡ, ಹಳೆಯದೇ ಇರಲಿ ಎಂದರು. ಹಳೆಯದಕ್ಕೆ ನೂರಕ್ಕೆ 56ಕ್ಕೂ ಹೆಚ್ಚು ಮತ ಬಿತ್ತು. ದಕ್ಷಿಣ ಆಫ್ರಿಕಾದವರು 1994ರ ಏಪ್ರಿಲ್‌ನಲ್ಲಿ ತಾತ್ಕಾಲಿಕ ಎಂದು ಏರಿಸಿದ ಬಾವುಟವನ್ನು ಜನ ಎಷ್ಟು ಅಪ್ಪಿಕೊಂಡರೆಂದರೆ ಅದೇ ಕಾಯಂ ಆಯಿತು. ಅಲ್ಲಿ ಹಳೆಯ ಬಾವುಟದಡಿ ಜನ ನೊಂದಿದ್ದರು, ಬದಲಾವಣೆ ಬೇಕಿತ್ತು. ನಮ್ಮ ಅರಿಶಿನ ಕುಂಕುಮದ ಬಾವುಟ ಯಾರನ್ನು ನೋಯಿಸಿದೆ?

ಇದನ್ನು ಗಡಿಯವನಾಗಿ ಕೇಳುತ್ತಿದ್ದೇನೆ. 1953ರಲ್ಲಿ ಬಳ್ಳಾರಿ ನಮ್ಮ ಕಡೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ನಮ್ಮ ಹಟ್ಟಿಗಳಲ್ಲಿ ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ನನ್ನ ತರಗತಿಯಲ್ಲಿ ಮ್ಯಾಸಬೇಡರ ಎಷ್ಟೋ ಮಕ್ಕಳು ಅವ್ವನ ಜೊತೆ ತೆಲುಗಿನಲ್ಲಿ ಮಾತಾಡಿ ನನಗೆ ಕನ್ನಡದಲ್ಲಿ ಉತ್ತರ ಹೇಳುತ್ತಿದ್ದರು. ಭಾಷೆಯ ಬಾವುಟ ಎಂದಾಗ ಆ ಮಕ್ಕಳು ಹೊರಗೆ ನಿಲ್ಲುತ್ತಾರೇನೋ ಎಂಬ ಅಳುಕು ನನಗೆ ಪ್ರತಿ ನವೆಂಬರ್‌ನಲ್ಲೂ ಇತ್ತು. ಅರಿಶಿನ ಕುಂಕುಮ ಅವರ ಮನೆಯ ಹೊಸ್ತಿಲಲ್ಲೂ ಇತ್ತು, ಅದೇ ನನ್ನನ್ನು ಕಾಪಾಡಿತು.

ನಿವೃತ್ತಿಯ ಹಿಂದಿನ ರಾಜ್ಯೋತ್ಸವ. ಶಾಲೆಗೆ ಬರಬೇಕಿದ್ದ ಬಾವುಟದ ಗಂಟು ಹಿಂದಿನ ಸಂಜೆಯವರೆಗೂ ಬರಲಿಲ್ಲ. ಬೆಳಿಗ್ಗೆ ಏಳಕ್ಕೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು. ಒಳಗೆ ಅವಳ ಅವ್ವ ರಾತ್ರಿ ಕೂತು ಸೂಜಿಯಲ್ಲಿ ಹೊಲಿದ ಬಾವುಟ. ಹಳದಿ, ಹಳೆಯ ಸೀರೆಯ ಒಡಲು. ಕೆಂಪು, ಕುಪ್ಪಸದ ಬಟ್ಟೆ. ಕೆಂಪು ಸಾಲದೆ ಬಂದು ಮೂಲೆಗೆ ಇನ್ನೊಂದು ತೇಪೆ. ಆ ತಾಯಿಗೆ ಕನ್ನಡ ಓದಲು ಬರೆಯಲು ಬಾರದು, ಮಾತು ಅರ್ಧ ತೆಲುಗು.

"ಸರಿ ಐತಾ ಸಾ?" ಎಂದಳು ಹುಡುಗಿ.

ತೇಪೆಯ ಹೊಲಿಗೆ ಬಿಚ್ಚದಂತೆ ಹಗ್ಗಕ್ಕೆ ಎರಡು ಗಂಟು ಹಾಕಿದೆ. ಹಗ್ಗ ಎಳೆಯಲು ಅವಳನ್ನೇ ಕರೆದೆ.